ಅಳಿಸಿದ ಪುಟಕ್ಕೂ ಒಂದು ದಾರಿ ಇರಲಿ

ಮಾವಿನ ಮಿಡಿ ಸೀಸನ್ ಶುರುವಾದರೆ ನನ್ನ ಚಿಕ್ಕಮ್ಮನ ಫೋನಿಗೆ ಬಿಡುವಿಲ್ಲ. ಹೋದ ವರ್ಷ ಮಾತ್ರ ಎಲ್ಲರದ್ದೂ ಒಂದೇ ದೂರು: "ನಿಮ್ಮ ಉಪ್ಪಿನಕಾಯಿ ಲಿಂಕ್ ಒತ್ತಿದ್ರೆ ಏನೂ ಬರ್ತಿಲ್ಲ."

ಆಗಿದ್ದು ಇಷ್ಟೇ. ಅವರ ಅಡುಗೆ ವೆಬ್‌ಸೈಟಿನಲ್ಲಿ ಮಿಡಿಯ ಬಗ್ಗೆ ಎರಡು ಹಳೆಯ ಬರಹಗಳಿದ್ದವು. ಎರಡನ್ನೂ ಸೇರಿಸಿ ಹೊಸದಾಗಿ ಒಂದನ್ನು ಬರೆದು, ಹಳೆಯವನ್ನು ಅಳಿಸಿಬಿಟ್ಟರು. ಆದರೆ ಹಳೆಯ ಲಿಂಕುಗಳು ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಹಾಗೇ ಓಡಾಡುತ್ತಿದ್ದವು. ಒತ್ತಿದವರಿಗೆ ಸಿಕ್ಕಿದ್ದು 404, ಅಂದರೆ "ಇಲ್ಲಿ ಪುಟವೇ ಇಲ್ಲ" ಎಂಬ ಉತ್ತರ. ಉಪ್ಪು ನೀರಲ್ಲಿ ಮಿಡಿ ಹಾಕಿಟ್ಟು, ಮುಂದೇನು ಎಂದು ನೋಡಲು ಬಂದವರು ಅವರು. ಅವರನ್ನು ಬರಿಗೈಲಿ ಕಳಿಸಬಾರದು, ಅಲ್ವಾ?

ಇದಕ್ಕಿರುವ ಪರಿಹಾರವೇ ರಿಡೈರೆಕ್ಟ್. ಹಳೆಯ ವಿಳಾಸಕ್ಕೆ ಬಂದವರನ್ನು ಸರ್ವರ್, ಅಂದರೆ ಸೈಟನ್ನು ಇಟ್ಟಿರುವ ಕಂಪ್ಯೂಟರ್, ತಾನೇ ಹೊಸ ವಿಳಾಸಕ್ಕೆ ಕಳಿಸುತ್ತದೆ. ಅರ್ಧ ಗಂಟೆಯ ಕೆಲಸ. ಹೀಗೆ ಮಾಡಿ.

ಮೊದಲು ಹಳೆಯ ವಿಳಾಸ ಬರೆದಿಟ್ಟುಕೊಳ್ಳಿ

ಅಳಿಸುವ ಮುಂಚೆಯೇ ಪುಟ ತೆರೆದು, ಬ್ರೌಸರಿನ ಮೇಲಿರುವ ವಿಳಾಸವನ್ನು ಕಾಪಿ ಮಾಡಿ ಒಂದು ಕಡೆ ಇಡಿ. ಕನ್ನಡದಲ್ಲಿ ಬರೆಯುವವರಿಗೆ ಇದು ತುಂಬಾ ಮುಖ್ಯ. ವಿಳಾಸ ಕಾಣುವುದು ಕನ್ನಡದಲ್ಲಿ. ಒಳಗೆ ಮಾತ್ರ ಒಂದೊಂದು ಕನ್ನಡ ಚಿಹ್ನೆಯೂ (ಅಕ್ಷರ, ಕಾಗುಣಿತದ ಗುರುತು, ಎಲ್ಲವೂ) ಶೇಕಡಾ ಗುರುತುಗಳಿರುವ 9 ಅಕ್ಷರಗಳಾಗುತ್ತದೆ. "ಕನ್ನಡ" ಎಂಬ ಪದದಲ್ಲಿ ಒತ್ತಕ್ಷರದ ಕೊಂಡಿಯೂ ಸೇರಿ 5 ಚಿಹ್ನೆ. ಅಲ್ಲಿಗೆ 45 ಆಯಿತು. ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಒಂದು ಬರಹದ ವಿಳಾಸಕ್ಕೆ ಕೊಡುವ ಜಾಗವೇ ಇಂಥ 200 ಅಕ್ಷರ. ಸುಮಾರು 22 ಚಿಹ್ನೆ ಆಗುತ್ತಲೇ ಕತ್ತರಿ ಬೀಳುತ್ತದೆ.

ಚಿಕ್ಕಮ್ಮನ ಮೊದಲ ಬರಹದ ಹೆಸರು "ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ವಿಧಾನ". ಅದರ ವಿಳಾಸ "ಮಾವಿನ-ಮಿಡಿ-ಉಪ್ಪಿನಕಾಯಿ-ಹಾ" ಎಂಬಲ್ಲಿಗೆ ನಿಂತಿತ್ತು. ಎರಡನೆಯದು "ಮಾವಿನ ಮಿಡಿ ಉಪ್ಪಿನಕಾಯಿ ಹಾಳಾಗದಂತೆ ಇಡುವುದು". ಅದೂ "ಹಾ" ಎಂಬಲ್ಲಿಗೇ ತುಂಡಾಗಿ, ಒಂದೇ ವಿಳಾಸ ಎರಡಾಗಬಾರದೆಂದು ಕೊನೆಗೆ "-2" ಸೇರಿತ್ತು. ಶೀರ್ಷಿಕೆ ನೋಡಿ ಊಹಿಸಿ ಟೈಪ್ ಮಾಡಿದ್ದರೆ ಎರಡೂ ತಪ್ಪುತ್ತಿದ್ದವು. ಅದಕ್ಕೇ ಹೇಳಿದ್ದು, ಕಾಪಿ ಮಾಡಿ, ಟೈಪ್ ಮಾಡಬೇಡಿ.

ಆಗಲೇ ಅಳಿಸಿಬಿಟ್ಟಿದ್ದೀರಾ? ವರ್ಡ್‌ಪ್ರೆಸ್ಸಿನ ಟ್ರ್ಯಾಶ್‌ನಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಒಮ್ಮೆ ವಾಪಸ್ ತಂದು ವಿಳಾಸ ನೋಡಿಕೊಳ್ಳಿ. ಅದೂ ಹೋಗಿದ್ದರೆ ಗೂಗಲ್ ಸರ್ಚ್ ಕನ್ಸೋಲಿನಲ್ಲಿ (ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ತೋರಿಸುವ ಸೇವೆ) "ಪೇಜಸ್" ವರದಿ ತೆರೆಯಿರಿ. ಗೂಗಲ್‌ಗೆ 404 ಸಿಕ್ಕಿದ ವಿಳಾಸಗಳು ಅಲ್ಲಿರುತ್ತವೆ. ಇಲ್ಲವೇ ಹಳೆಯ ವಾಟ್ಸ್ಆ್ಯಪ್ ಸಂದೇಶ ಹುಡುಕಿ. ನಮಗೆ ಸಿಕ್ಕಿದ್ದು ಅಲ್ಲೇ.

ಎಲ್ಲಿಗೆ ಕಳಿಸಬೇಕು?

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅದೇ ವಿಷಯದ ಹೊಸ ಪುಟ ಇದ್ದರೆ ಅಲ್ಲಿಗೆ 301 ಹಾಕಿ. 301 ಅಂದರೆ ಶಾಶ್ವತ ಬದಲಾವಣೆ. ಪುಟ ನಾಲ್ಕು ದಿನಕ್ಕೆ ಮಾತ್ರ ಮುಚ್ಚಿದ್ದರೆ 302 ಸಾಕು. ಹೋಲುವ ಪುಟ ಒಂದೂ ಇಲ್ಲವೇ? ಹಾಗಾದರೆ 404 ಇರಲಿ ಬಿಡಿ. "ಬೇಕೆಂದೇ ತೆಗೆದಿದ್ದೇವೆ" ಎಂದು ತಿಳಿಸಲು 410 ಎಂಬ ಸಂಕೇತವೂ ಇದೆ.

ಎಲ್ಲವನ್ನೂ ಮುಖಪುಟಕ್ಕೆ ಕಳಿಸುವ ಅಭ್ಯಾಸ ಮಾತ್ರ ಬೇಡ. ಮಿಡಿ ಕೇಳಿ ಬಂದವರನ್ನು ಸುಮ್ನೆ ಅಂಗಡಿ ಬಾಗಿಲಲ್ಲಿ ನಿಲ್ಲಿಸಿದ ಹಾಗೆ ಅದು. ಗೂಗಲ್ ಕೂಡ ಅಂಥದ್ದನ್ನು "ಸಾಫ್ಟ್ 404" ಎಂದು ಪರಿಗಣಿಸಿ, ಪುಟ ಇಲ್ಲವೆಂದೇ ಲೆಕ್ಕ ಹಾಕಬಹುದು.

ರಿಡೈರೆಕ್ಟ್ ಹಾಕುವುದು

ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ಸ್‌ಗೆ ಹೋಗಿ "ರಿಡೈರೆಕ್ಷನ್" ಎಂಬ ಉಚಿತ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಿ. ಆಮೇಲೆ ಅದು ಟೂಲ್ಸ್ ಮೆನುವಿನಲ್ಲಿ ಸಿಗುತ್ತದೆ. ಸೋರ್ಸ್ ಯುಆರ್‌ಎಲ್ ಜಾಗದಲ್ಲಿ ಹಳೆಯ ವಿಳಾಸ, ಟಾರ್ಗೆಟ್ ಯುಆರ್‌ಎಲ್ ಜಾಗದಲ್ಲಿ ಹೊಸದು. ಆ್ಯಡ್ ರಿಡೈರೆಕ್ಟ್ ಒತ್ತಿ. ಹಳೆಯ ವಿಳಾಸದಲ್ಲಿ ಸೈಟಿನ ಹೆಸರು ಬಿಟ್ಟು, ಅದರ ನಂತರದ ಓರೆಗೆರೆಯಿಂದ ಮುಂದಿನ ಭಾಗ ಇದ್ದರೆ ಸಾಕು.

ಗೂಗಲ್‌ನ ಬ್ಲಾಗರ್ ಸೇವೆ ಬಳಸುವವರಿಗೆ ಪ್ಲಗಿನ್ ಬೇಡ. ಸೆಟ್ಟಿಂಗ್ಸ್‌ನಲ್ಲಿ "ಎರರ್ಸ್ ಆ್ಯಂಡ್ ರಿಡೈರೆಕ್ಟ್ಸ್" ಎಂಬ ಭಾಗದಲ್ಲೇ "ಕಸ್ಟಮ್ ರಿಡೈರೆಕ್ಟ್ಸ್" ಇದೆ. ಹಳೆಯದು, ಹೊಸದು ಎರಡನ್ನೂ ಹಾಕಿ "ಪರ್ಮನೆಂಟ್" ಆನ್ ಮಾಡಿ, ಸೇವ್ ಮಾಡಿ. ಇದು ಅದೇ ಬ್ಲಾಗಿನ ಒಳಗೆ ಮಾತ್ರ ನಡೆಯುತ್ತದೆ, ಬೇರೆ ಸೈಟಿಗೆ ಕಳಿಸಲು ಆಗದು.

ಅಪಾಚೆ ಎಂಬ ಸರ್ವರ್ ತಂತ್ರಾಂಶ ಇದ್ದು, ಫೈಲ್ ತಿದ್ದಿ ಅಭ್ಯಾಸ ಇರುವವರು ಡಾಟ್ ಎಚ್‌ಟಿಆ್ಯಕ್ಸೆಸ್ (.htaccess) ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿಯೂ ಮಾಡಬಹುದು. ಮೊದಲು ಆ ಫೈಲಿನ ಪ್ರತಿ ಇಟ್ಟುಕೊಳ್ಳಿ. ಒಂದು ಅಕ್ಷರ ತಪ್ಪಿದರೂ ಇಡೀ ಸೈಟೇ ನಿಂತುಹೋಗಬಹುದು.

ಪರೀಕ್ಷೆ ಮಾಡದೆ ಎದ್ದುಹೋಗಬೇಡಿ

ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಹಳೆಯ ಲಿಂಕ್ ತೆರೆದು ನೋಡಿ. ಮಾಮೂಲಿ ಕಿಟಕಿಯಲ್ಲಿ ನೋಡಿದರೆ ಮೋಸಹೋಗುವ ಸಾಧ್ಯತೆ ಜಾಸ್ತಿ. ಬ್ರೌಸರ್ 301 ಅನ್ನು ನೆನಪಿಟ್ಟುಕೊಳ್ಳುತ್ತದೆ, ನೀವು ತಿದ್ದಿದ ಮೇಲೂ ಹಳೆಯ ದಾರಿಯಲ್ಲೇ ಹೋಗುತ್ತದೆ.

ಇನ್ನೊಂದು ವಿಷಯ. ಒಂದನೇ ಪುಟ ಎರಡಕ್ಕೆ, ಎರಡು ಮೂರಕ್ಕೆ ಎಂದು ಸರಪಳಿ ಬೆಳೆಸಬೇಡಿ. ಒಂದನ್ನೂ ನೇರ ಮೂರಕ್ಕೇ ಕಳಿಸಿ. ಮೂರು ತಿರುಗಿ ಒಂದಕ್ಕೆ ಬಂದರಂತೂ ಪುಟ ತೆರೆಯುವುದೇ ಇಲ್ಲ. ಸೈಟಿನ ಮೆನು ಮತ್ತು ಬೇರೆ ಬರಹಗಳಲ್ಲಿರುವ ಹಳೆಯ ಲಿಂಕುಗಳನ್ನೂ ಕೈಯಾರೆ ಬದಲಿಸಿ.

ಎಷ್ಟು ದಿನ ಇಡಬೇಕು? ಕನಿಷ್ಠ 1 ವರ್ಷ ಎನ್ನುತ್ತದೆ ಗೂಗಲ್. ನನ್ನ ಪ್ರಕಾರ ತೆಗೆಯಲೇಬೇಡಿ. ಮಿಡಿ ಲಿಂಕು ವರ್ಷಕ್ಕೊಮ್ಮೆ ತಾನೇ ಜನರಿಗೆ ನೆನಪಾಗುವುದು? ಈ ವರ್ಷ ಸೀಸನ್ ಶುರುವಾದಾಗ ರಿಡೈರೆಕ್ಷನ್ ಪಟ್ಟಿಯಲ್ಲಿ "ಹಾ-2" ಎದುರು, ಆ ಲಿಂಕ್ ಎಷ್ಟು ಸಲ ಒತ್ತಿದ್ದಾರೆಂಬ ಲೆಕ್ಕ ಏರುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿ, "ಇದು ಯಾರೋ ಹೋದ ವರ್ಷದ ಜಾಡಿ ತೊಳೆದು ಒಣಗಿಸ್ತಿದಾರೆ ಅಂತ ಅರ್ಥ" ಅಂದರು.