ಬಯಲುಸೀಮೆಯ ಹಿತ್ತಲಲ್ಲಿ ಕಾಫಿ: ಹೂಮಳೆಯನ್ನು ನೀವೇ ಸುರಿಸಿ

ಕಾಫಿ ಮಲೆನಾಡಿನ ಗಿಡವೆಂದು ಕೋಲಾರ, ಚಿಕ್ಕಬಳ್ಳಾಪುರದವರು ಕೈಚೆಲ್ಲಬೇಕಿಲ್ಲ. ಕಾಫಿಯ ಅರೇಬಿಕಾ ಜಾತಿ ಬಯಸುವುದು ಸಾವಿರ ಮೀಟರ್‌ ದಾಟಿದ ಎತ್ತರ, 1,600 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮಲ್ಲಿ ಎತ್ತರ 800–900 ಮೀಟರ್, ಮಳೆ 700 ಮಿ.ಮೀ. ಆಸುಪಾಸು. ಎಕರೆಗಟ್ಟಲೆ ಬೆಳೆಯಲು ಇದು ಸಾಲದು, ನಿಜ. ಆದರೆ ನಾಲ್ಕು ಗಿಡದ ಮಟ್ಟಿಗೆ ಆ ಕೊರತೆಯನ್ನು ಕೈಯಾರೆ ತುಂಬಬಹುದು.

ಗಿಡ ಮತ್ತು ಜಾಗ

ಅರೇಬಿಕಾವನ್ನೇ ಆರಿಸಿ. ಅದಕ್ಕೆ ಸ್ವಂತ ಪರಾಗವೇ ಸಾಕು, ಒಂಟಿ ಗಿಡವೂ ಕಾಯಿ ಕಟ್ಟುತ್ತದೆ. ಇನ್ನೊಂದು ಜಾತಿಯಾದ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿ ಹೆಚ್ಚು ಎತ್ತರ ಹೋಗದ, ಪೊದೆಯಂತೆ ತುಂಬಿಕೊಳ್ಳುವ ತಳಿ. ಹಿತ್ತಲಿಗೆ ಅದು ಒಳ್ಳೆಯದು. ಬೀಜಕ್ಕಿಂತ ಸಸಿ ತರುವುದೇ ಲೇಸು, ಹಳೆಯ ಬೀಜ ಮೊಳೆಯುವುದಿಲ್ಲ.

ತುಮಕೂರು ಕಡೆಯ ಅಡಿಕೆ, ತೆಂಗಿನ ತೋಟದವರಿಗೆ ನೆರಳು ಸಿದ್ಧವಾಗಿಯೇ ಇದೆ. ಉಳಿದವರು ಮಾವಿನ ಮರದ ಪೂರ್ವಕ್ಕೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ನೆಡಿ. ನೆರಳು ತೆಳ್ಳಗಾದರೆ ಬಿಳಿ ಕಾಂಡಕೊರಕ ಹುಳುವಿನ ಕಾಟ ಹೆಚ್ಚು. ಆರು ಪಾಲು ಮಣ್ಣಿಗೆ ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ. ಬುಡಕ್ಕೆ ತರಗೆಲೆ ಹೊದಿಸಿ.

ನೀರೇ ಮುಖ್ಯ

ಕಾಫಿಗೆ ತುಸು ಹುಳಿ ಮಣ್ಣು ಬೇಕು. ನಮ್ಮ ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತಿದ್ದರೆ ಎಳೆ ಎಲೆಯ ನರ ಮಾತ್ರ ಹಸಿರು ಉಳಿದು ಮಿಕ್ಕದ್ದು ಹಳದಿಯಾಗುತ್ತದೆ. ಕಬ್ಬಿಣದ ಅಂಶ ಬೇರಿಗೆ ಸಿಗುತ್ತಿಲ್ಲವೆಂದು ಅದರ ಅರ್ಥ. ಚಾವಣಿಯ ಮಳೆನೀರನ್ನು ಹಿಡಿದಿಟ್ಟು ಈ ಗಿಡಗಳಿಗೇ ಮೀಸಲಿಡಿ.

ಮೂರು, ನಾಲ್ಕು ವರ್ಷಕ್ಕೆ ಗಿಡ ಫಲಕ್ಕೆ ಬರುತ್ತದೆ. ಆಗ ಸದಾ ನೀರು ಹಾಕುವ ಅಕ್ಕರೆಯೇ ಅಡ್ಡಿಯಾಗಬಹುದು. ಮೊಗ್ಗು ಕೂತ ಗಿಡ ಒಮ್ಮೆ ಒಣಗಿನ ಬಿಸಿ ಕಾಣಬೇಕು. ಆಮೇಲೆ ಬೀಳುವ ಹದ ಮಳೆಗೇ ಅದು ಒಟ್ಟಿಗೆ ಅರಳುವುದು. ಮಲೆನಾಡಿನಲ್ಲಿ ಈ ಹೂಮಳೆ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತದೆ. ಇಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ. ಜನವರಿಯಿಂದ ನೀರು ತಗ್ಗಿಸಿ, ಎಲೆ ತುಸು ಜೋಲುವುದನ್ನು ಸಹಿಸಿಕೊಳ್ಳಿ. ಫೆಬ್ರುವರಿ ಕೊನೆಗೆ ಒಂದೇ ಸಲ ಸುರಿಯಿರಿ. 25ರಿಂದ 40 ಮಿ.ಮೀ. ಮಳೆಯೆಂದರೆ ಪಾತಿಯ ಚದರ ಮೀಟರಿಗೆ ಅಷ್ಟೇ ಲೀಟರ್ ನೀರು. ಎಂಟು, ಹತ್ತು ದಿನದಲ್ಲಿ ರೆಂಬೆ ತುಂಬ ಬೆಳ್ಳನೆ ಹೂ, ಮಲ್ಲಿಗೆಯ ಕಂಪು. ಎರಡು, ಮೂರು ವಾರ ಬಿಟ್ಟು ಇನ್ನೊಮ್ಮೆ ಹಾಗೇ ನೀರುಣಿಸಿ. ಕಾಯಿ ಕಚ್ಚುವುದು ಅದರಿಂದ.

ಹಣ್ಣಿನಿಂದ ಬೀಜ

ನವೆಂಬರಿನಿಂದ ಕೆಂಪಾದ ಹಣ್ಣನ್ನಷ್ಟೇ ಬಿಡಿಸಿ. ಹಸಿರು ಕಾಯಿ ಬೆರೆತರೆ ರುಚಿ ಕೆಡುತ್ತದೆ, ಇದರಲ್ಲಿ ರಾಜಿ ಬೇಡ. ನೀರಿಗೆ ಹಾಕಿ ತೇಲುವ ಜೊಳ್ಳನ್ನು ತೆಗೆದು, ಅಂದೇ ಬೆರಳಲ್ಲಿ ಹಿಸುಕಿ ಬೀಜ ಬಿಡಿಸಿ. ಲೋಳೆ ಸಮೇತ ಪಾತ್ರೆಯಲ್ಲಿ ಒಂದೂವರೆ ದಿನದವರೆಗೆ ಮುಚ್ಚಿಡಿ. ಹಿಡಿಯಲ್ಲಿ ಉಜ್ಜಿದಾಗ ಜಾರದೆ ಗರಗರ ಎಂದರೆ ಹುಳಿತದ್ದು ಸಾಕು, ಚೆನ್ನಾಗಿ ತೊಳೆಯಿರಿ. ತೆಳ್ಳಗೆ ಹರಡಿ, ಆಗಾಗ ಕೈಯಾಡಿಸುತ್ತ ವಾರ, ಹತ್ತು ದಿನ ಒಣಗಿಸಿ. ರಾತ್ರಿ ಮುಚ್ಚಿ. ನವೆಂಬರಿನ ಮೋಡ ಕವಿದ ದಿನಗಳಲ್ಲಿ ಬೂಷ್ಟು ಬಾರದಂತೆ ನೋಡಿಕೊಳ್ಳಿ.

ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಸಿಗುತ್ತದೆ. ಹೊರಪೊರೆಯ ಸಮೇತವೇ ಬಟ್ಟೆಯ ಚೀಲದಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಒರಳಲ್ಲಿ ಹಗುರಾಗಿ ಕುಟ್ಟಿ ಕೇರಿಕೊಳ್ಳಿ.

ಹುರಿಯುವುದು

ದಪ್ಪ ತಳದ ಕಬ್ಬಿಣದ ಬಾಣಲೆ, ಮಧ್ಯಮ ಉರಿ, ನಿಲ್ಲದ ಕೈ. ಹಸಿರು ಹಳದಿಯಾಗಿ, ಕಂದಾಗಿ, ಚಟಪಟ ಸಿಡಿಯತೊಡಗುತ್ತದೆ. ಆ ಸದ್ದು ನಿಂತು ಒಂದೆರಡು ನಿಮಿಷಕ್ಕೆ ಇಳಿಸಿದರೆ ಫಿಲ್ಟರ್ ಕಾಫಿಗೆ ಹದ. ತಕ್ಷಣ ಮೊರಕ್ಕೆ ಸುರಿದು ಕೇರಿ ಆರಿಸಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀಯುತ್ತದೆ. ಒಂದು ದಿನ ಬಿಟ್ಟು ಪುಡಿ ಮಾಡಿ. ಡಿಕಾಕ್ಷನ್‌ಗೆ ಮಾತ್ರ ಗಡಸು ನೀರು ಬೇಡ.