ಅಳಿಯ ಅಂದ್ರೆ ಯಾವ ಅಳಿಯ?

ಬೆಳಗಾವಿಯಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡ–ಮರಾಠಿ ಅನುವಾದ ಮಾಡುತ್ತಿದ್ದೇನೆ. ಉತಾರ (ಜಮೀನಿನ ಪಹಣಿ), ಹಳೇ ಖರೀದಿ ಪತ್ರ, ಮದುವೆ ಕಾರ್ಡು, ಏನು ಬಂದರೂ ಸರಿ. ಮೊದಲ ಪೆಟ್ಟು ತಿಂದದ್ದು ಮದುವೆ ಕಾರ್ಡಿನಲ್ಲೇ. ಮರಾಠಿಯಲ್ಲಿ ‘ಆಗ್ರಹಾಚೆ ನಿಮಂತ್ರಣ’ ಅಂತ ಇರುತ್ತದೆ. ಬರಲೇಬೇಕು ಅನ್ನುವ ಪ್ರೀತಿಯ ಒತ್ತಾಯ ಅದು. ನಾನು ‘ಆಗ್ರಹದ ಆಮಂತ್ರಣ’ ಅಂತ ಬರೆದುಬಿಟ್ಟೆ. ಕನ್ನಡದಲ್ಲಿ ಆಗ್ರಹ ಮಾಡುವವರು ಡಿಸಿ ಆಫೀಸಿನ ಮುಂದೆ ಧರಣಿ ಕೂತಿರುತ್ತಾರೆ, ಅಲ್ವಾ?

ಇಂಥ ತಪ್ಪು ನಿಘಂಟು ತೆಗೆದರೆ ಸರಿಹೋಗುತ್ತದೆ. ಇನ್ನು ಕೆಲವಕ್ಕೆ ಸಂದರ್ಭ ಸಾಕು. ಮರಾಠಿಯ ‘ಪರವಾ’ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕ್ರಿಯಾಪದ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಸಂಸ್ಕೃತದವರ ಹಳೇ ಉದಾಹರಣೆಯೂ ಇದೇ ಜಾತಿಯದು. ‘ಸೈಂಧವ ತಾ’ ಅಂದರೆ ಊಟಕ್ಕೆ ಕೂತಾಗ ಉಪ್ಪು, ಊರಿಗೆ ಹೊರಟಾಗ ಕುದುರೆ. ಹಳೇ ಕಾಲದ ವ್ಯಾಕರಣಕಾರ ಭರ್ತೃಹರಿಯ ವಾಕ್ಯಪದೀಯದಲ್ಲಿ ಇಂಥ ಸುಳಿವುಗಳ ಪಟ್ಟಿಯೇ ಇದೆ: ಪ್ರಕರಣ (ಅಂದರೆ ಸಂದರ್ಭ), ಪಕ್ಕದ ಪದ, ದೇಶ, ಕಾಲ, ಹೀಗೆ. ಬಹಳ ದಿನ ನನಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಕೊಲ್ಲಾಪುರದಿಂದ ಒಬ್ಬರು 1957ರ ಕಾಗದ ತಂದರು. ಅವರ ತಾಯಿಯ ತಂದೆ ಬರೆದದ್ದು. ಇವರಿಗೆ ಕನ್ನಡ ಓದಲು ಬರುವುದಿಲ್ಲ. ನೀಲಿ ಶಾಯಿ ಮಾಸಿತ್ತು, ಮಡಿಕೆಯಲ್ಲಿ ಕಾಗದ ಹರಿದಿತ್ತು. ನಡುವೆ ಒಂದು ಸಾಲು: ‘ಹೊಳಿ ದಂಡಿ ಹೊಲಾ ಅಳಿಯಾಗ ಇರ್ಲಿ.’ ಹೊಳೆ ದಂಡೆಯ ಹೊಲ ಅಳಿಯನಿಗೆ ಇರಲಿ ಅಂತ. ನಾನು ಅಳಿಯನಿಗೆ ‘ಜಾವಯಿ’, ಅಂದರೆ ಮಗಳ ಗಂಡ, ಅಂತ ಹಾಕಿ ಕಳಿಸಿದೆ. ಮೂರನೇ ದಿನ ಫೋನ್ ಬಂತು. ‘ಅಜ್ಜನಿಗೆ ನಮ್ಮ ತಾಯಿ ಒಬ್ಬಳೇ ಮಗಳು. ಮದುವೆ ಆದದ್ದು 1959ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಜಾವಯಿ ಎಲ್ಲಿಂದ ಬಂದರು?’

ಸರಿ, ಹಾಗಾದರೆ ‘ಭಾಚಾ’ ಇರಬೇಕು, ಅಕ್ಕನ ಮಗ. ಮರಾಠಿಯಲ್ಲಿ ಎರಡಕ್ಕೂ ಬೇರೆ ಬೇರೆ ಪದ, ನಮ್ಮಲ್ಲಿ ಇಬ್ಬರೂ ಅಳಿಯಂದಿರೇ. ಕ್ಷಮೆ ಕೇಳಿ, ಫೋನ್ ಇಡುವ ಮುಂಚೆ ಸುಮ್ನೆ ಕೇಳಿದೆ, ತಾಯಿಯನ್ನು ಯಾವ ಮನೆಗೆ ಕೊಟ್ಟಿದ್ದರು ಅಂತ.

‘ಅಜ್ಜನ ಅಕ್ಕನ ಮಗನಿಗೇ. ಅವರೇ ನಮ್ಮ ಅಪ್ಪ.’

ಪೆನ್ನು ಕೆಳಗಿಟ್ಟೆ. ನಮ್ಮ ಕಡೆ ಅಕ್ಕನ ಮಗ ಹುಟ್ಟಿದ ದಿನದಿಂದಲೇ ಅಳಿಯ. ತೊಟ್ಟಿಲಲ್ಲಿದ್ದಾಗಲೇ ಹೆಣ್ಣು ಕೊಡುವ ಮಾತೂ ಆಗಿರಬಹುದು. ಮದುವೆಯಾದ ಮೇಲೂ ಅದೇ ಅಳಿಯ, ಪದ ಬದಲಾಗುವುದಿಲ್ಲ. ಹಾಗಾದರೆ ಅಜ್ಜ ಬರೆದದ್ದು ಅಕ್ಕನ ಮಗನಿಗೋ, ಮುಂದೆ ಮಗಳ ಗಂಡನಾಗುವವನಿಗೋ? ಅವರನ್ನೇ ಎಬ್ಬಿಸಿ ಕೇಳಿದರೂ ‘ಇದ್ದಾವ ಒಬ್ಬನ ಅಲ್ಲೇನೋ ತಮ್ಮಾ?’ ಅಂತಿದ್ದರು.

ಎಂ.ಎ. ಓದುವಾಗ ಅಮೆರಿಕದ ತತ್ವಜ್ಞಾನಿ ಕ್ವೈನ್ 1960ರಲ್ಲಿ ಬರೆದ ಮೊಲದ ಮಾತು ಬಾಯಿಪಾಠ ಮಾಡಿದ್ದೆ. ಗೊತ್ತಿಲ್ಲದ ಭಾಷೆಯವನೊಬ್ಬ ಮೊಲ ಓಡಿದಾಗ ‘ಗವಾಗೈ’ ಅನ್ನುತ್ತಾನೆ. ಅದು ಮೊಲವೋ, ಮೊಲದ ಮೈಗೆ ಅಂಟಿಕೊಂಡೇ ಇರುವ ಭಾಗಗಳೋ? ಎರಡು ಅನುವಾದವೂ ಅವನ ನಡವಳಿಕೆಗೆ ಹೊಂದುತ್ತವೆ. ಇದೇ ಸರಿ ಅಂತ ತೀರ್ಮಾನ ಮಾಡುವ ಸಂಗತಿಯೇ ಇಲ್ಲ ಅಂತ ಕ್ವೈನ್ ವಾದ. ಇಡೀ ಭಾಷೆಯ ಮಟ್ಟಿಗೆ ನಾನು ಇದನ್ನು ಈಗಲೂ ಒಪ್ಪಿಲ್ಲ, ಜಾಸ್ತಿ ಆಯ್ತು ಅನ್ನಿಸುತ್ತದೆ. ಆದರೆ ಈ ಒಂದು ಸಾಲಿನಲ್ಲಿ ಸಿಕ್ಕಿಬಿದ್ದೆ. ಅಜ್ಜನಿಗೆ ಅನುಮಾನವೇ ಇರಲಿಲ್ಲ. ಜಾವಯಿಯೋ ಭಾಚಾನೋ ಅನ್ನುವ ಪ್ರಶ್ನೆ ಹುಟ್ಟಿದ್ದೇ ನನ್ನ ಮೇಜಿನ ಮೇಲೆ, ಮರಾಠಿ ಬರೆಯಲು ಕೂತಾಗ.

ಕೊನೆಗೆ ‘ಅಳಿಯ’ವನ್ನು ಹಾಗೇ ಮರಾಠಿ ಅಕ್ಷರದಲ್ಲಿ ಬರೆದೆ. ಕೆಳಗೆ ಎರಡು ಸಾಲು ಟಿಪ್ಪಣಿ ಹಾಕಿದೆ: ಕನ್ನಡದಲ್ಲಿ ಅಕ್ಕನ ಮಗ, ಮಗಳ ಗಂಡ ಇಬ್ಬರಿಗೂ ಇದೇ ಪದ, ಬರೆದವರು ಬೇರೆ ಮಾಡಿಲ್ಲ.

ಅವರು ಬಂದು ಓದಿದರು. ‘ಒಂದು ಶಬ್ದ ಅನುವಾದ ಮಾಡೋದೇ ಬಿಟ್ಟೀರಲ್ಲ’ ಅಂದು ಐವತ್ತು ರೂಪಾಯಿ ಮುರಿದುಕೊಂಡು ಕೊಟ್ಟರು.