ಜೇಬಲ್ಲೊಂದು ಪೈಪ್ ಕ್ಲೀನರ್ ಇರಲಿ: ಕಡಿಮೆ ದುಡ್ಡಿಗೆ ಒಳ್ಳೇ ಪೈಪು ಹುಡುಕುವ ಬಗೆ

ನಾನು ಕೊಂಡ ಮೊದಲ ಪೈಪಿಗೆ ಕೊಟ್ಟದ್ದು 19 ಡಾಲರ್. ಆನ್‌ಲೈನಿನಲ್ಲಿ ರೋಸ್‌ವುಡ್ ಅಂತ ಹಾಕಿದ್ದರು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಜೊತೆಗೊಂದು ವೆಲ್ವೆಟ್ ಚೀಲ, ಒಂದು ಸ್ಟ್ಯಾಂಡು. ಮೂರನೇ ಸಲ ಹಚ್ಚಿದಾಗ ಮೇಲಿನ ಮೆರುಗು ಗುಳ್ಳೆ ಎದ್ದಿತು, ಬೆರಳಿಗೆ ಬಣ್ಣ ಹತ್ತಿತು. ಹೊಗೆಯಲ್ಲಿ ಆಗತಾನೆ ಪೇಂಟ್ ಹೊಡೆದ ಬಾಗಿಲಿನ ವಾಸನೆ. ತಳದಲ್ಲಿದ್ದ ಹೊಗೆಸೊಪ್ಪು ಮಾತ್ರ ಎಷ್ಟು ಎಳೆದರೂ ಉರಿಯುತ್ತಿರಲಿಲ್ಲ. ನೆನೆದ ಟೀ ಪುಡಿಯ ಹಾಗೆ ಕೂತಿರುತ್ತಿತ್ತು.

ತಪ್ಪು ಎಲ್ಲಿದೆ ಅಂತ ಗೊತ್ತಾದದ್ದು ಒಂದು ಪೈಪ್ ಕ್ಲೀನರ್ ತೂರಿಸಿದಾಗ. ಹತ್ತಿಯ ನವಿರು ಸುತ್ತಿದ ತಂತಿ ಇರುತ್ತಲ್ಲ, ಅದೇ. ಬಾಯಿಯ ಕಡೆಯಿಂದ ತೂರಿಸಿದರೆ ಅದು ಸೊಪ್ಪು ತುಂಬುವ ಬಟ್ಟಲಿನ ತಳದಲ್ಲಿ ಹೊರಗೆ ಬರಬೇಕು. ನನ್ನದರಲ್ಲಿ ತಳದಿಂದ ಕಾಲು ಇಂಚು ಮೇಲೆ ಬಂತು. ತೂತನ್ನೇ ತಪ್ಪಾಗಿ ಕೊರೆದಿದ್ದರು. ಅದರ ಕೆಳಗಿನ ಸೊಪ್ಪು ಉರಿಯುವುದಾದರೂ ಹೇಗೆ?

ಅವತ್ತಿನಿಂದ ಜೇಬಲ್ಲಿ ಒಂದು ಕ್ಲೀನರ್ ಇಲ್ಲದೆ ಪೈಪು ನೋಡಲು ಹೋಗಿಲ್ಲ. ಹೆಸರು, ಹೊಳಪು, ಡಬ್ಬಿ ಎಲ್ಲ ಆಮೇಲೆ. ಮೊದಲು ತೂತು, ಆಮೇಲೆ ಮರ. ಇವೆರಡು ಸರಿ ಇದ್ದರೆ 10 ಡಾಲರಿನ ಪೈಪೂ ಚೆನ್ನಾಗಿ ಸೇದಿಸಿಕೊಳ್ಳುತ್ತದೆ.

ನನ್ನ ಊರು ಪಿರಿಯಾಪಟ್ಟಣದ ಹತ್ತಿರ. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಸೀಮೆ. ಬ್ಯಾರನ್ ಅನ್ನುವ ಹದಮಾಡುವ ಮನೆಗಳಲ್ಲಿ ಸೊಪ್ಪು ಬೇಯುವಾಗ ಇಡೀ ಊರಿಗೆ ಬೆಲ್ಲ ಕಾಸಿದ ಹಾಗೆ ವಾಸನೆ. ತಮಾಷೆ ಅಂದರೆ ಅಷ್ಟು ಬೆಳೆಯುವ ಊರಲ್ಲಿ ಪೈಪು ಸೇದುವವರು ಒಬ್ಬರೂ ಇರಲಿಲ್ಲ. ತಾತ ಬೀಡಿ, ಅಜ್ಜಿ ಎಲೆ ಅಡಿಕೆ ಜೊತೆ ಒಂದು ಚೂರು ಸೊಪ್ಪು. ನಾನು ಪೈಪು ಹಿಡಿದದ್ದು ಅಮೆರಿಕದ ಸೇಂಟ್ ಲೂಯಿಸಿಗೆ ಬಂದ ಮೇಲೆ. ಭಾನುವಾರ ಒಂದು ಸಲ, ಹಿತ್ತಿಲಲ್ಲಿ ಕೂತು. ಹೊಗೆ ಹೊಗೆಯೇ, ಬಾಯಿ ಗಂಟಲಿನ ಕ್ಯಾನ್ಸರಿಗೆ ಪೈಪು, ಬೀಡಿ ಅನ್ನುವ ಭೇದ ಇಲ್ಲ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಈಗಾಗಲೇ ಸೇದುವವರು, ಇಲ್ಲಾ ಹಳೇ ಪೈಪು ಕೂಡಿಡುವ ಹುಚ್ಚಿನವರು ಮುಂದೆ ಓದಿ.

ಹೊಸದು, ಅಗ್ಗದ್ದು, ನಂಬಬಹುದಾದದ್ದು ಅಂದರೆ ಮುಸುಕಿನ ಜೋಳದ ದಿಂಡಿನ ಪೈಪು. ಹೌದು, ಕಾಳು ಬಿಡಿಸಿ ಒಲೆಗೆ ಹಾಕುತ್ತೀವಲ್ಲ, ಅದೇ ದಿಂಡು. ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ, ಮಿಸೌರಿ ನದಿಯ ದಡದಲ್ಲಿ ವಾಷಿಂಗ್ಟನ್ ಅನ್ನುವ ಪುಟ್ಟ ಊರಿದೆ. ರಾಜಧಾನಿ ವಾಷಿಂಗ್ಟನ್ ಅಲ್ಲ, ಮಿಸೌರಿ ರಾಜ್ಯದ್ದು. ಅಲ್ಲಿ ಹೆನ್ರಿ ಟಿಬ್ಬಿ ಅನ್ನುವ ಡಚ್ ಮೂಲದ ಮರಗೆಲಸದವನು 1869ರಲ್ಲಿ ದಿಂಡಿನ ಪೈಪು ಮಾರಲು ಶುರು ಮಾಡಿದ. ಯಾರೋ ರೈತ ಒಂದು ದಿಂಡು ತಂದು ಇದನ್ನು ಕಡೆದುಕೊಡು ಅಂದನಂತೆ, ಅದರಿಂದ ಶುರುವಾಯಿತಂತೆ. ದಿಂಡಿನ ಹೊರಮೈಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನುಣುಪು ಮಾಡುವ ವಿದ್ಯೆಗೆ 1878ರಲ್ಲಿ ಪೇಟೆಂಟ್ ಪಡೆದ. ಮಿಸೌರಿ ಮೀರ್‌ಶಾಮ್ ಅನ್ನುವ ಆ ಕಂಪನಿ ಇವತ್ತಿಗೂ ಫ್ರಂಟ್ ಸ್ಟ್ರೀಟಿನ ಇಟ್ಟಿಗೆ ಕಟ್ಟಡದಲ್ಲೇ ಇದೆ. ಸೇಂಟ್ ಲೂಯಿಸಿನಿಂದ ರೈಲಿನಲ್ಲೂ ಹೋಗಬಹುದು. ಎರಡನೇ ಮಹಾಯುದ್ಧದ ಫೋಟೋಗಳಲ್ಲಿ ಜನರಲ್ ಡಗ್ಲಸ್ ಮೆಕಾರ್ಥರ್ ಬಾಯಲ್ಲಿ ಉದ್ದನೆಯ ಪೈಪು ಇರುತ್ತಲ್ಲ, ಅದೂ ದಿಂಡಿನದೇ.

ನಾನು ಕೊಳ್ಳುವುದು ಕಂಟ್ರಿ ಜೆಂಟಲ್‌ಮನ್ ಅನ್ನುವ ಮಾದರಿ. ಬಟ್ಟಲಿನ ತಳಕ್ಕೆ ಗಟ್ಟಿ ಮರದ ಬಿರಡೆ ಹಾಕಿರುತ್ತಾರೆ, ಸುಟ್ಟು ತೂತಾಗುವುದು ಕಡಿಮೆ. ಇದಕ್ಕಿಂತ ಅಗ್ಗದ್ದು ಲೆಜೆಂಡ್, ಕಲಿಯಲು ಸಾಕು. ಹೊಸ ದಿಂಡಿನಲ್ಲಿ ಮರದ ಕತ್ತು ಬಟ್ಟಲೊಳಕ್ಕೆ ಸ್ವಲ್ಪ ಚಾಚಿಕೊಂಡಿರುತ್ತದೆ. ಮೊದಲ ನಾಲ್ಕೈದು ಸಲ ಅದು ಸುಡುವ ವಾಸನೆ ಬರುತ್ತದೆ. ಗಾಬರಿ ಬೇಡ, ನಿಧಾನವಾಗಿ ಎಳೆಯಿರಿ. ತಳ ತುಂಬಾ ಸುಡುತ್ತಿದೆ ಅನಿಸಿದರೆ ಸಿಗಾರಿನ ಬೂದಿಗೆ ಎರಡು ಹನಿ ನೀರು ಹಾಕಿ ಕಲಸಿ ಮೆತ್ತಿ, ಎರಡು ದಿನ ಒಣಗಲು ಬಿಡಿ. ನೋಡಲು ವಿಭೂತಿ ಕಲಸಿದ ಹಾಗೇ ಇರುತ್ತದೆ, ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಒಳಗಿನ ಕಾಗದದ ಫಿಲ್ಟರು ಇಟ್ಟರೆ ಇಡಿ, ಬಿಟ್ಟರೆ ಬಿಡಿ. ನಾನು ಮೊದಲ ದಿನವೇ ತೆಗೆದು ಬಿಸಾಕುತ್ತೇನೆ.

ಈಗ ಹಳೇ ಪೈಪಿನ ವಿಷಯ. ನಿಜವಾದ ಮಜಾ ಇರುವುದು ಇಲ್ಲೇ.

ಅಮೆರಿಕದಲ್ಲಿ ಮನೆಯ ಹಿರಿಯರು ತೀರಿಕೊಂಡರೆ, ಇಲ್ಲಾ ವೃದ್ಧಾಶ್ರಮಕ್ಕೆ ಹೋದರೆ, ಇಡೀ ಮನೆ ಸಾಮಾನು ಅಲ್ಲೇ ಮಾರಾಟಕ್ಕೆ ಇಡುತ್ತಾರೆ. ಚಮಚದಿಂದ ಪಿಯಾನೋ ತನಕ. ಎಸ್ಟೇಟ್ ಸೇಲ್ ಅಂತಾರೆ. ಶುಕ್ರವಾರ ಪೂರ್ತಿ ಬೆಲೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಕಡೆ ಅರ್ಧ. ಜಾಹೀರಾತಿನ ಫೋಟೋಗಳಲ್ಲಿ ಪೈಪನ್ನೇ ಹುಡುಕಬೇಡಿ. ಮೀನು ಹಿಡಿಯುವ ಗಾಳ, ಹಳೇ ರೇಡಿಯೋ, ನೆಲಮಾಳಿಗೆಯಲ್ಲಿ ಮರಗೆಲಸದ ಬೆಂಚು ಇದೆಯಾ ನೋಡಿ. ಅಂಥ ಮನೆಯಲ್ಲಿ ಪೈಪು ಇರುವ ಸಂಭವ ಜಾಸ್ತಿ.

ಮೂರು ವರ್ಷದ ಹಿಂದೆ ಸೇಂಟ್ ಲೂಯಿಸಿನ ಪಕ್ಕದ ಕರ್ಕ್‌ವುಡ್‌ನಲ್ಲಿ ಹಾಗೇ ಒಂದು ಮನೆಗೆ ಹೋದೆ. ನೆಲಮಾಳಿಗೆಯ ಬೆಂಚಿನ ಮೇಲೆ, ಮೊಳೆ ಡಬ್ಬಗಳ ಹಿಂದೆ ಒಂದು ಪೈಪ್ ಸ್ಟ್ಯಾಂಡು, ಅದರಲ್ಲಿ ಆರು ಪೈಪು. ಒಟ್ಟಿಗೆ 60 ಅಂತ ಚೀಟಿ. ಭಾನುವಾರ ಆದ್ದರಿಂದ 30. ಆರೂ ಎಷ್ಟು ಕೊಳಕಾಗಿದ್ದವು ಅಂದರೆ ಮಾರುವ ಹೆಂಗಸು ಬೆರಳ ತುದಿಯಲ್ಲಿ ಹಿಡಿದು ತೋರಿಸಿದಳು. ಎಲ್ಲವನ್ನೂ ಕಿಟಕಿ ಹತ್ತಿರ ತಂದು ಒಂದೊಂದಾಗಿ ನೋಡಿದೆ.

ಒಂದು ದಿಂಡಿನದು, ತಳ ಸುಟ್ಟು ತೂತು. ಲೆಕ್ಕಕ್ಕಿಲ್ಲ. ಇನ್ನೊಂದು ನೋಡಲು ಚೆಂದ, ಆದರೆ ಸ್ಟೆಮ್, ಅಂದರೆ ಬಾಯಿಗಿಡುವ ಕೊಳವೆ, ಮರದ ಕತ್ತಿಗೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಕಂಡಿತು. ಮೂರನೆಯದು ಸ್ಟೆಮ್ಮಿನ ಮೇಲೆ ಇಸ್ಪೀಟಿನ ಸ್ಪೇಡ್ ಗುರುತಿನದು, ಡಾ. ಗ್ರಾಬೊ. ನಾರ್ತ್ ಕೆರೊಲಿನಾದ ಸ್ಪಾರ್ಟಾದಿಂದ ಬರುವ, ಒಂದು ಕಾಲಕ್ಕೆ ಔಷಧಿ ಅಂಗಡಿಗಳಲ್ಲೇ ಮಾರುತ್ತಿದ್ದ ಪೈಪು. ಗ್ರಾಬೊ ಅನ್ನುವುದು ಶಿಕಾಗೊದ ನಿಜವಾದ ಡಾಕ್ಟರ ಹೆಸರು! ನಾಲ್ಕನೆಯದಕ್ಕೆ ಕ್ಲೋವರ್ ಎಲೆ ಗುರುತು, ಕೇವುಡಿ. ಸ್ಟೆಮ್ ತಿರುಚಿ ಬಿಚ್ಚಿದರೆ ತುದಿಯಲ್ಲಿ ಲೋಹದ ಗುಂಡು. ಗುಂಡಿಗೆ ನಾಲ್ಕು ತೂತಿದ್ದರೆ ಹಳೇ ಕಾಲದ್ದು, ಮೂರಿದ್ದರೆ ಆಮೇಲಿನದು. ಇದಕ್ಕೆ ನಾಲ್ಕಿತ್ತು. ಐದನೆಯದಕ್ಕೆ ಹೆಸರೇ ಇಲ್ಲ, ಬಟ್ಟಲಿನ ಅಂಚು ಸುಟ್ಟು ಇಳಿದಿತ್ತು.

ಆರನೆಯದರ ಕತ್ತಿಗೆ ಮಂಕಾದ ಬಿಳಿ ಲೋಹದ ಕಟ್ಟು. ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಪೀಟರ್ಸನ್ ಅನ್ನುವ ಅಕ್ಷರ ಕಂಡಿತು. ಡಬ್ಲಿನ್ನಿನ ಕಂಪನಿ, ಹೊಸದು ಕೊಂಡರೆ ನೂರು ಡಾಲರ್ ದಾಟುತ್ತದೆ. ಮರದ ಮೇಲೆ ಮೇಡ್ ಇನ್ ದ ರಿಪಬ್ಲಿಕ್ ಆಫ್ ಐರ್ಲೆಂಡ್ ಅಂತ ಒತ್ತಿದ್ದರು. ಐರ್ಲೆಂಡ್ ಗಣರಾಜ್ಯ ಆದದ್ದು 1949ರಲ್ಲಿ, ಹಾಗಾಗಿ ಪೈಪು ಆಮೇಲಿನದು. ಬರೀ ಐರಿಷ್ ಫ್ರೀ ಸ್ಟೇಟ್ ಅಂತ ಇದ್ದಿದ್ದರೆ 1922ರಿಂದ 1937ರ ನಡುವಿನ ಕಾಲದ್ದು ಅಂತ ಲೆಕ್ಕ. ಇಂಥ ಮುದ್ರೆ ಓದಲು ಕಲಿತರೆ ಪೈಪಿನ ಹೆಸರೇ ಗೊತ್ತಿಲ್ಲದ ಮಾರಾಟಗಾರರ ಹತ್ತಿರ ಲಾಭ. ಕ್ಲೀನರ್ ತೂರಿಸಿದೆ. ಅರ್ಧದಲ್ಲಿ ಸಿಕ್ಕಿಕೊಂಡಿತು. ಸ್ವಲ್ಪ ತಿರುಚಿದಾಗ ಟಾರಿನ ಗಂಟು ಬಿಟ್ಟು ಸರಿಯಾಗಿ ತಳದಲ್ಲಿ ಹೊರಗೆ ಬಂತು. ಮರು ಮಾತಾಡದೆ 30 ಕೊಟ್ಟೆ.

ಆರರಲ್ಲಿ ಉಳಿದದ್ದು ಮೂರು. ಹತ್ತು ಡಾಲರಿಗೊಂದು ಬಿತ್ತು. ಗುಂಪಲ್ಲಿ ಕೊಳ್ಳುವಾಗ ಯಾವಾಗಲೂ ಹೀಗೇ ಲೆಕ್ಕ ಹಾಕಿ, ಸೇದಲು ಬರುವುದನ್ನು ಮಾತ್ರ ಎಣಿಸಿ. ಕೊಳೆಗೆ ಹೆದರಬೇಡಿ, ಬಿರುಕಿಗೆ ಹೆದರಿ. ಬಟ್ಟಲೊಳಗಿನ ಮರವನ್ನು ಮೊಳೆ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಇದ್ದಿಲಿನ ಹಾಗೆ ಪುಡಿ ಉದುರಿ ಕುಳಿ ಬಿದ್ದರೆ ಅದು ಒಳಗಿಂದ ಸುಟ್ಟಿದೆ, ಬಿಡಿ. ಸ್ಟೆಮ್ ಮೇಲೆ ಹಲ್ಲಿನ ಗುರುತು ಇರಲಿ, ತೊಂದರೆ ಇಲ್ಲ. ಕಚ್ಚಿ ಕಚ್ಚಿ ತೂತೇ ಬಿದ್ದಿದ್ದರೆ ಬೇಡ. ಆನ್‌ಲೈನಿನಲ್ಲಾದರೆ ಬಟ್ಟಲಿನ ಮೇಲಿಂದ ಒಂದು, ಸ್ಟೆಮ್ಮಿನ ಎರಡೂ ಮೈ, ಮುದ್ರೆಯ ಹತ್ತಿರದಿಂದ ಒಂದು ಫೋಟೋ ಕೇಳಿ. ಕೊಡಲು ತಕರಾರು ಮಾಡುವವರ ಹತ್ತಿರ ವ್ಯಾಪಾರ ಬೇಡ.

ಈ ಆರು ಪೈಪಿನ ಫೋಟೋ ಅಮ್ಮನಿಗೆ ಕಳಿಸಿದೆ. ಫೋನ್ ಬಂತು. "ಸತ್ತೋರ ಎಂಜಲು ಬಾಯಿಗೆ ಇಟ್ಕೋತೀಯೇನೋ?"

ನ್ಯಾಯವಾದ ಪ್ರಶ್ನೆ. ಅದಕ್ಕೇ ತೊಳೆಯುವುದನ್ನು ಬಿಡಿಸಿ ಹೇಳುತ್ತೇನೆ.

ಬಟ್ಟಲೊಳಗೆ ವರ್ಷಗಟ್ಟಲೆ ಕಟ್ಟಿದ ಕರಿ ಪದರವನ್ನು ಮೊದಲು ಕೆರೆಯಬೇಕು. ಚಾಕು ಬೇಡ, ಮರಕ್ಕೆ ಗಾಯ ಆಗುತ್ತದೆ. ಬೆರಳಿನಷ್ಟು ದಪ್ಪದ ಕೋಲಿಗೆ ಉಪ್ಪುಕಾಗದ ಸುತ್ತಿ ತಿರುಗಿಸಿ. ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ ಬಂದರೆ ನಿಲ್ಲಿಸಬಹುದು. ಬೇರೆಯವರ ಪೈಪು ಅಂತ ನಾನು ಮರ ಕಾಣುವ ತನಕ ತೆಗೆಯುತ್ತೇನೆ. ಆಮೇಲೆ ಬಟ್ಟಲಿಗೆ ಹತ್ತಿ ತುಂಬಿ, ಇಂಕ್ ಫಿಲ್ಲರಿನಲ್ಲಿ ಎವರ್‌ಕ್ಲಿಯರ್ ಹಾಕಿ. ಇಲ್ಲಿ ಮದ್ಯದಂಗಡಿಯಲ್ಲಿ ಸಿಗುವ 95 ಪರ್ಸೆಂಟ್ ಆಲ್ಕೋಹಾಲ್ ಅದು. ಹತ್ತಿ ನೆನೆಯುವಷ್ಟು ಸಾಕು. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹತ್ತಿ ಕಾಫಿ ಡಿಕಾಕ್ಷನ್ ಬಣ್ಣ. ಹತ್ತಿ ಬೆಳ್ಳಗೇ ಉಳಿಯುವ ತನಕ ಮಾಡಿ. ಕೇವುಡಿಗೆ ಅವಸರದಲ್ಲಿ ಜಾಸ್ತಿ ಸುರಿದುಬಿಟ್ಟೆ. ಹೊರಗೆ ಇಳಿದು ಒಂದು ಕಡೆಯ ಬಣ್ಣವೆಲ್ಲ ಹೋಯಿತು. ಈಗಲೂ ಅದಕ್ಕೆ ಒಂದು ಕೆನ್ನೆ ಬಿಳಿ. ಕತ್ತಿನ ಒಳಗೆ ಅದೇ ಆಲ್ಕೋಹಾಲಿನಲ್ಲಿ ಅದ್ದಿದ ಕ್ಲೀನರು. ಪೀಟರ್ಸನ್ನಿಗೆ ನಲವತ್ತಕ್ಕೂ ಜಾಸ್ತಿ ಕ್ಲೀನರು ಹಿಡಿಯಿತು. ದಿಂಡಿನ ಪೈಪಿಗೆ ಮಾತ್ರ ಈ ಸ್ನಾನ ಮಾಡಿಸಬೇಡಿ. ಬ್ರಯರ್ ಅನ್ನುವ ಮರದ ಪೈಪನ್ನೂ ಎರಡು ದಿನ ಚೆನ್ನಾಗಿ ಒಣಗಿಸದೆ ಬೆಂಕಿ ತಾಗಿಸಬೇಡಿ.

ಹಳೇ ಸ್ಟೆಮ್‌ಗಳು ವಲ್ಕನೈಟ್, ಅಂದರೆ ಗಂಧಕ ಸೇರಿಸಿದ ಗಟ್ಟಿ ರಬ್ಬರು. ಬಿಸಿಲು ಬಿದ್ದರೆ ಹಸಿರುಗಂದು ಬಣ್ಣ ಬಂದು ಕಹಿಯಾಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಬಟ್ಟೆ ಕಲೆ ತೆಗೆಯುವ ಆಕ್ಸಿಕ್ಲೀನ್ ಪುಡಿ ಹಾಕಿ ರಾತ್ರಿ ನೆನೆಸಿ. ಅದಕ್ಕೂ ಮೊದಲು ಸ್ಟೆಮ್ಮಿನ ಮೇಲಿನ ಕಂಪನಿ ಗುರುತಿಗೆ ವ್ಯಾಸಲೀನ್ ಹಚ್ಚಿರಿ. ಬೆಳಿಗ್ಗೆ 600, 1000, 2000 ನಂಬರಿನ ಉಪ್ಪುಕಾಗದದಿಂದ ನೀರಲ್ಲೇ ತಿಕ್ಕಿ, ಕೊನೆಗೆ ಎರಡು ಹನಿ ಆಲಿವ್ ಎಣ್ಣೆ. ನೀರು ಉಗುರು ಬೆಚ್ಚಗೇ ಇರಬೇಕು. ಅಮ್ಮನ ಮಾತು ತಲೆಯಲ್ಲಿತ್ತು ನೋಡಿ, ಕ್ರಿಮಿಯೆಲ್ಲ ಸಾಯಲಿ ಅಂತ ಪೀಟರ್ಸನ್ನಿನ ಸ್ಟೆಮ್ಮನ್ನು ಕುದಿಯುವ ನೀರಿಗೇ ಹಾಕಿದೆ. ಬಾಗಿದ್ದ ಸ್ಟೆಮ್ಮು ಕಣ್ಣೆದುರೇ ನೆಟ್ಟಗಾಯಿತು! ನಾಯಿ ಬಾಲ ನೆಟ್ಟಗಾಗಲ್ಲ ಅಂತಾರೆ, ಇದು ಆಯಿತು. ಒಳಗೆ ಕ್ಲೀನರ್ ತೂರಿಸಿ, ಮತ್ತೆ ಬಿಸಿ ಮಾಡಿ, ಲೋಟದ ಮೈಗೆ ಒತ್ತಿ ಬಗ್ಗಿಸಿ ತಣ್ಣೀರಿಗೆ ಅದ್ದಿದೆ. ಮೊದಲಿನಷ್ಟು ಚೆಂದ ಬಂದಿಲ್ಲ. ಒಂದು ಲಾಭ ಆಯಿತು, ಆ ಬಿಸಿಗೆ ಹಲ್ಲಿನ ಗುಳಿಗಳು ತಾವೇ ಮೇಲೆದ್ದವು.

ಕಳೆದ ವರ್ಷ ಅಮ್ಮ ಬಂದಿದ್ದಾಗ ನಾನು ಇನ್ನೊಂದು ಪೈಪನ್ನು ಮೂರನೇ ದಿನವೂ ತಿಕ್ಕುತ್ತಾ ಕೂತಿದ್ದೆ. ಸ್ವಲ್ಪ ಹೊತ್ತು ನೋಡಿ, "ಮನೆ ಪಾತ್ರೆ ಯಾವತ್ತಾದ್ರೂ ಹಿಂಗೆ ಉಜ್ಜಿದ್ದೀಯಾ?" ಅಂತ ಕೇಳಿ ಒಳಗೆ ಹೋದರು. ಎಂಜಲಿನ ಮಾತು ಮತ್ತೆ ಬರಲಿಲ್ಲ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನುವವರು ಹೊಸ ಬ್ರಯರ್ ಪೈಪನ್ನೇ ಕೊಳ್ಳಬಹುದು. ಬ್ರಯರ್ ಅಂದರೆ ಮೆಡಿಟರೇನಿಯನ್ ತೀರದ ಒಂದು ಪೊದೆಯ ಬುಡದ ಗಂಟು. ಬೇಯಿಸಿ, ತಿಂಗಳುಗಟ್ಟಲೆ ಒಣಗಿಸಿ ಕಡೆಯುತ್ತಾರೆ. ಅದಕ್ಕೇ ಬೆಂಕಿಗೆ ಜಗ್ಗುವುದಿಲ್ಲ. ಗ್ರಾಬೊ ಹೊಸದೂ ಸಿಗುತ್ತದೆ, ಇಟಲಿಯ ಸಾವಿನೆಲ್ಲಿ ಕಂಪನಿಯ ರೊಸ್ಸಿ ಅನ್ನುವ ಅಗ್ಗದ ಸಾಲೂ ಪರವಾಗಿಲ್ಲ. ಪೈಪ್ ಅಂಗಡಿಗಳಲ್ಲಿ ಹೆಸರಿಲ್ಲದ ಪೈಪುಗಳನ್ನು ಬುಟ್ಟಿಯಲ್ಲಿ ಹಾಕಿಟ್ಟಿರುತ್ತಾರೆ. ಅಂಗಡಿಯವರನ್ನು ಕೇಳಿ ಒಂದೊಂದಕ್ಕೂ ಕ್ಲೀನರ್ ತೂರಿಸಿ ನೋಡಿ, ಬೇಡ ಅನ್ನುವುದಿಲ್ಲ. 21 ವರ್ಷ ಆಗಿದೆಯಾ ಅಂತ ಗುರುತಿನ ಚೀಟಿ ಕೇಳಬಹುದು, ತಲೆ ಬೆಳ್ಳಗಾಗಿದ್ದರೂ. ನುಣುಪಾದದ್ದಕ್ಕಿಂತ ಮೈ ಒರಟಾಗಿ ಕೆತ್ತಿದ್ದು ಅಗ್ಗ. ಮರದ ಸಣ್ಣ ಕುಂದು ಮರೆಮಾಡಲು ಹಾಗೆ ಕೆತ್ತುತ್ತಾರೆ. ಹೊಗೆಗೆ ಅದರಿಂದ ಏನೂ ಆಗಲ್ಲ. ಕನ್ನಡಿ ಹಾಗೆ ಹೊಳೆಯುವುದನ್ನು ಮಾತ್ರ ಅಲ್ಲೇ ಬಿಡಿ, ನನ್ನ 19 ಡಾಲರ್ ನೆನಪಿರಲಿ.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ಹೊಗೆಸೊಪ್ಪು ಬೆಳೆಯುವ ಗೆಳೆಯನೊಬ್ಬ ಒಂದು ಪೈಪು ತಗೊಂಡು ಬಾ ಅಂದಿದ್ದಾನೆ. ಅವನ ಕಣ್ಣು ಪೀಟರ್ಸನ್ ಮೇಲಿದೆ. ನಾನು ವಾಷಿಂಗ್ಟನ್ನಿಗೆ ಹೋಗಿ ದಿಂಡಿನದು ನಾಲ್ಕು ತಂದು ಸೂಟ್‌ಕೇಸಲ್ಲಿ ಹಾಕಿದ್ದೇನೆ. ಅವನ ಹೊಲದಲ್ಲೂ ಮುಸುಕಿನ ಜೋಳ ಇದೆ. ದುಡ್ಡು ಕೊಟ್ಟು ದಿಂಡು ಹೊತ್ತುಕೊಂಡು ಬಂದಿದ್ದೀನಿ ಅಂತ ಎಷ್ಟು ಬೈತಾನೋ ಗೊತ್ತಿಲ್ಲ.